ಸೌತ್ ಕೈಬಾಬ್ ಟ್ರೇಲ್: ಹೇಳದೆ ಕೇಳದೆ ಹೊರಟವರಿಗೆ ಗ್ರ್ಯಾಂಡ್ ಕ್ಯಾನ್ಯನ್‌ನ ಒಂದು ದಿನದ ಇಳಿದಾರಿ

ನೀರಿಲ್ಲ, ನೆರಳಿಲ್ಲ, ಕೊನೆಯವರೆಗೆ ಇಳಿದು ಅದೇ ದಿನ ಹತ್ತಿ ಬರುವ ಸಾಹಸ ಬೇಡ ಎಂಬ ಎಚ್ಚರಿಕೆಯ ಫಲಕ ಬೇರೆ. ಇಂಥ ಒಂದು ಕಾಲುದಾರಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತಿರುವುದಕ್ಕೆ ನಾನು ಕಾರಣ ಹೇಳಲೇಬೇಕು. ಅಮೆರಿಕದ ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದಲ್ಲಿ ದಕ್ಷಿಣದ ಅಂಚಿನಿಂದ ಕೊಲರಾಡೋ ನದಿಯತ್ತ ಇಳಿಯುವ ಸೌತ್ ಕೈಬಾಬ್ ಟ್ರೇಲ್‌ನಲ್ಲಿ, ಅಕ್ಟೋಬರ್ ಕೊನೆಯ ಒಂದು ಶನಿವಾರ, ಹಿಂದಿನ ರಾತ್ರಿಯವರೆಗೂ ಯಾವ ಯೋಜನೆಯೂ ಇಲ್ಲದೆ, ಗೆಳೆಯನೊಬ್ಬನೊಂದಿಗೆ ನಡೆದು ಬಂದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಮರಿಯ ಸೌಂದರ್ಯವನ್ನು ಬಣ್ಣಿಸಿದ ಬರಹಗಳಿಗೆ ಕೊರತೆಯಿಲ್ಲ. ದಾರಿಯಾಗಿ ಇದು ಹೇಗಿದೆ, ಸಿದ್ಧತೆಯಿಲ್ಲದೆ ಬಂದವನನ್ನು ಹೇಗೆ ನಡೆಸಿಕೊಳ್ಳುತ್ತದೆ, ಎಲ್ಲಿಂದ ಹಿಂತಿರುಗಿದರೆ ಕ್ಷೇಮ ಎಂಬುದಷ್ಟೇ ಇಲ್ಲಿ ನನ್ನ ವಿಷಯ.

ನಾನು ಕೆಲಸದ ನಿಮಿತ್ತ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ವಾಸವಾಗಿದ್ದೇನೆ. ಶುಕ್ರವಾರ ರಾತ್ರಿ ಒಂಬತ್ತರ ಸುಮಾರಿಗೆ, ಶೃಂಗೇರಿ ಕಡೆಯವನಾದ ಗೆಳೆಯ ಫೋನು ಮಾಡಿ, "ಬೆಳಿಗ್ಗೆ ಮೂರಕ್ಕೆ ಹೊರಡುವ ಮಾರಾಯ, ಯೋಚನೆ ಮಾಡ್ಲಿಕ್ಕೆ ಕೂತರೆ ಆಗುದಿಲ್ಲ" ಎಂದ. ನಾನು ಯೋಚನೆ ಮಾಡಲು ಕೂರುವ ಜಾತಿಯವನೇ ಆಗಿದ್ದರೂ ಆ ವಾರ ಕಚೇರಿಯಲ್ಲಿ ತಲೆ ಚಿಟ್ಟುಹಿಡಿದಿದ್ದರಿಂದ ಒಪ್ಪಿಕೊಂಡೆ. ಹತ್ತು ಗಂಟೆಗೆ ಬಾಗಿಲು ಹಾಕಲಿದ್ದ ಒಂದು ದೊಡ್ಡ ಅಂಗಡಿಗೆ ಓಡಿ, ಬೆನ್ನಿಗೆ ಹಾಕಿಕೊಂಡು ಕೊಳವೆಯಿಂದ ಹೀರಬಹುದಾದ ಮೂರು ಲೀಟರಿನ ನೀರಿನ ಚೀಲವೊಂದನ್ನು ಕೊಂಡುತಂದೆ. ಆ ಚೀಲದ ಸುದ್ದಿ ಮುಂದೆ ಬರುತ್ತದೆ. ಊರಿನಿಂದ ಬಂದು ಗೆಳೆಯನ ಮನೆಯಲ್ಲಿದ್ದ ಅವನ ಅಮ್ಮ ಎರಡೂವರೆಗೇ ಎದ್ದು ಅವಲಕ್ಕಿ ಒಗ್ಗರಣೆ ಮಾಡಿ, ಕೋಡುಬಳೆ ಮತ್ತು ನಿಪ್ಪಟ್ಟಿನ ಡಬ್ಬಿಯನ್ನು ಕಾರಿನಲ್ಲಿಟ್ಟು, "ಅಲ್ಲಿ ಕುಡಿಯಲಿಕ್ಕೆ ನೀರು ಸಿಗ್ತದಾ?" ಎಂದು ಕೇಳಿದರು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹೊರಡುವ ಮುನ್ನ ಕೇಳಬೇಕಾಗಿದ್ದ ಏಕೈಕ ಪ್ರಶ್ನೆ ಅದೇ ಆಗಿತ್ತೆಂದು ಕಮರಿಯ ಬಾಯಲ್ಲಿ ನಿಂತಾಗ ತಿಳಿಯಿತು.

ಫೀನಿಕ್ಸ್‌ನಿಂದ ದಕ್ಷಿಣ ಅಂಚಿಗೆ ಸುಮಾರು 370 ಕಿಲೋಮೀಟರ್, ಹೆಚ್ಚುಕಡಿಮೆ ನಾಲ್ಕು ಗಂಟೆಯ ಹಾದಿ. ಮುನ್ನೂರು-ನಾನೂರು ಮೀಟರ್ ಎತ್ತರದ ಕಳ್ಳಿಗಳ ಬಯಲಿನಿಂದ ಹೊರಟ ಹೆದ್ದಾರಿ ಫ್ಲ್ಯಾಗ್‌ಸ್ಟಾಫ್ ತಲುಪುವಾಗ 2,100 ಮೀಟರ್ ಏರಿರುತ್ತದೆ, ಕಳ್ಳಿ ಹೋಗಿ ಪೈನ್ ಮರಗಳು ಬಂದಿರುತ್ತವೆ. ಅಲ್ಲಿಂದ ಮುಂದಿನ ಕಾಡುದಾರಿಯಲ್ಲಿ ಬೆಳಕು ಹರಿಯುವ ಮುನ್ನ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳು ರಸ್ತೆಗೆ ಬಂದು ನಿಲ್ಲುವುದರಿಂದ, ಬೇಗ ತಲುಪುವ ಆಸೆಗೆ ಅಲ್ಲಿ ವೇಗ ಹೆಚ್ಚಿಸಬಾರದು.

ಈಗ ದಾರಿಯ ಮಾತಿಗೆ ಬರುತ್ತೇನೆ. ಹಠಾತ್ತನೆ ಹೊರಟವರಿಗೆ ಸೌತ್ ಕೈಬಾಬ್‌ನ ಮೊದಲ ಗುಣವೇ ಅದರ ತೆರೆದ ಬಾಗಿಲು. ಹಗಲು ನಡೆದು ಹಗಲೇ ಮರಳುವವರಿಗೆ ಇಲ್ಲಿ ಯಾವ ಪರವಾನಗಿಯೂ ಬೇಡ, ಮುಂಗಡ ಬುಕಿಂಗ್ ಬೇಡ. ಒಳಗೆ ಡೇರೆ ಹಾಕಿ ರಾತ್ರಿ ತಂಗುವವರಿಗೆ ಮಾತ್ರ ಪರವಾನಗಿ ಬೇಕು. ಇದನ್ನು ಸಣ್ಣ ಸಂಗತಿಯೆಂದು ಭಾವಿಸಬಾರದು. ಇದೇ ಸೀಮೆಯ ಆಂಟಿಲೋಪ್ ಕ್ಯಾನ್ಯನ್‌ಗೆ ಅಲ್ಲಿಯ ಮೂಲನಿವಾಸಿಗಳಾದ ನವಾಹೋ ಜನರ ಮಾರ್ಗದರ್ಶಕರಿಲ್ಲದೆ ಪ್ರವೇಶವೇ ಇಲ್ಲ. ಝಯಾನ್ ಉದ್ಯಾನದ ಏಂಜಲ್ಸ್ ಲ್ಯಾಂಡಿಂಗ್ ಹತ್ತಲು 2022ರಿಂದ ಲಾಟರಿಯಲ್ಲಿ ಪರವಾನಗಿ ಪಡೆಯಬೇಕು. ನಮ್ಮ ಕುಮಾರಪರ್ವತಕ್ಕೂ 2024ರ ಜನಜಂಗುಳಿಯ ಬಳಿಕ ಆನ್‌ಲೈನ್ ಬುಕಿಂಗ್ ಬಂದಿದೆ. ಹೀಗಿರುವಾಗ ಜಗತ್ತಿನ ಅತಿ ಪ್ರಸಿದ್ಧ ಕಮರಿಯೊಂದರೊಳಗೆ, ರಾತ್ರಿ ಒಂಬತ್ತಕ್ಕೆ ನಿರ್ಧರಿಸಿ ಬೆಳಿಗ್ಗೆ ಎಂಟಕ್ಕೆ ಇಳಿಯಬಹುದು ಎಂಬುದು ಈಗಿನ ಕಾಲದಲ್ಲಿ ಅಪರೂಪದ ಸೌಲಭ್ಯವೆಂದೇ ನಾನು ತಿಳಿಯುತ್ತೇನೆ.

ಈ ದಾರಿ ಹುಟ್ಟಿದ್ದೇ ಒಂದು ಸುಂಕದ ಜಗಳದಿಂದ ಎಂಬುದನ್ನು ಇಲ್ಲಿ ಹೇಳದಿರಲಾರೆ. ಪಕ್ಕದ ಬ್ರೈಟ್ ಏಂಜಲ್ ಟ್ರೇಲ್‌ನ ಮೇಲೆ ಹಕ್ಕು ಸಾಧಿಸಿದ್ದ ರಾಲ್ಫ್ ಕ್ಯಾಮರನ್ ಎಂಬ ರಾಜಕಾರಣಿ, ಇಳಿಯುವವರಿಂದ ತಲೆಗೊಂದು ಡಾಲರ್ ವಸೂಲಿ ಮಾಡುತ್ತಿದ್ದ. 1919ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೂ ಆ ದಾರಿ ಉದ್ಯಾನದ ಕೈಗೆ ಬರಲಿಲ್ಲ. ಆಗ ಉದ್ಯಾನದವರು ಜಗಳವನ್ನು ಬದಿಗಿಟ್ಟು, ತಮ್ಮದೇ ಒಂದು ದಾರಿಯನ್ನು ಕಲ್ಲು ಸಿಡಿಸಿ ಕಡಿದು 1925ರಲ್ಲಿ ಮುಗಿಸಿದರು. ಬ್ರೈಟ್ ಏಂಜಲ್ ಅವರ ಕೈಸೇರಿದ್ದು 1928ರಲ್ಲಿ. ನೀರಿನ ಒರತೆಗಳನ್ನು ಹಿಡಿದು ಇಳಿಯುವ ಹಳೆಯ ದಾರಿಗಳು ಕೊರಕಲುಗಳೊಳಗೆ ಸಾಗಿದರೆ, ನದಿಗೆ ನೇರವಾಗಿ ಇಳಿಯಲೆಂದೇ ಕಡಿದ ಸೌತ್ ಕೈಬಾಬ್ ಬೆಟ್ಟದ ಏಣಿನ ಮೇಲೆ ಸಾಗುತ್ತದೆ. ಹೆಜ್ಜೆಹೆಜ್ಜೆಗೂ ಎರಡೂ ಕಡೆ ಕಮರಿ ತೆರೆದುಕೊಳ್ಳುವುದಕ್ಕೂ, ಇಡೀ ದಾರಿಯಲ್ಲಿ ತೊಟ್ಟು ನೀರು ಸಿಗದಿರುವುದಕ್ಕೂ, ಹತ್ತು ಗಂಟೆಯ ಮೇಲೆ ಅಂಗೈಯಗಲ ನೆರಳು ಇಲ್ಲದಿರುವುದಕ್ಕೂ ಕಾರಣ ಒಂದೇ. ಈ ದಾರಿಯ ಗುಣವನ್ನು ಹೊಗಳಿ ದೋಷವನ್ನು ತೆಗಳಲು ಬರುವುದಿಲ್ಲ, ಎರಡೂ ಒಂದೇ ಏಣಿನ ಎರಡು ಮಗ್ಗುಲು.

ದಾರಿಯ ತಲೆಯವರೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ವಿಸಿಟರ್ ಸೆಂಟರಿನ ಬಳಿ ಕಾರು ನಿಲ್ಲಿಸಿ, ಕಿತ್ತಳೆ ಮಾರ್ಗ ಎಂದು ಕರೆಯುವ ಉಚಿತ ಬಸ್ಸು ಹಿಡಿಯಬೇಕು. ಬಸ್ಸಿಗೆ ಟಿಕೆಟ್ ಇಲ್ಲ, ಕಾಯುವ ಹೊತ್ತೂ ಹೆಚ್ಚಿಲ್ಲ. ಇನ್ನೂ ಮುಂಚೆ ಇಳಿಯಬೇಕೆನ್ನುವವರಿಗೆ ದಕ್ಷಿಣ ಅಂಚಿನ ಮೇಲಿರುವ ಊರಿನ ವಸತಿಗೃಹಗಳ ಕಡೆಯಿಂದ ನಸುಕಿನಲ್ಲಿ ಹೊರಡುವ ಹೈಕರ್ಸ್ ಎಕ್ಸ್‌ಪ್ರೆಸ್ ಎಂಬ ನೇರ ಬಸ್ಸೂ ಇದೆ. ಅದರ ಸಮಯ ತಿಂಗಳಿನಿಂದ ತಿಂಗಳಿಗೆ ಬದಲಾಗುವುದರಿಂದ ಹಿಂದಿನ ದಿನವೇ ನೋಡಿಕೊಳ್ಳುವುದು ಒಳ್ಳೆಯದು. ನಾವು ಏಳು ಗಂಟೆಗೆ ತಲುಪಿದ್ದರಿಂದ ಕಾರು ನಿಲ್ಲಿಸಲು ಜಾಗ ಧಾರಾಳವಾಗಿತ್ತು. ಮಧ್ಯಾಹ್ನ ಮರಳಿ ಬಂದಾಗ ಅದೇ ಜಾಗದಲ್ಲಿ ಕಾರುಗಳು ಸಾಲುಗಟ್ಟಿ ಸುತ್ತುತ್ತಿದ್ದವು.

ದಾರಿಯ ತಲೆಯಲ್ಲಿ ನಲ್ಲಿಯಿದೆ. ಗೆಳೆಯನ ಅಮ್ಮನ ಪ್ರಶ್ನೆಗೆ ಅದೇ ಮೊದಲ ಮತ್ತು ಕೊನೆಯ ಉತ್ತರ. ಉದ್ಯಾನದೊಳಗೆ ಪ್ಲಾಸ್ಟಿಕ್ ಬಾಟಲಿಯ ನೀರನ್ನು ಮಾರುವುದನ್ನು 2012ರಲ್ಲೇ ನಿಲ್ಲಿಸಿದ್ದಾರೆ. ಅದಕ್ಕೆ ಬದಲಾಗಿ ಅಲ್ಲಲ್ಲಿ ನಲ್ಲಿಗಳಿವೆ. ಆದರೆ ಈ ನೀರು ಬರುವುದು ಕಮರಿಯ ಆಚೆ ಬದಿಯ ಒರತೆಯೊಂದರಿಂದ, 1960ರ ದಶಕದಲ್ಲಿ ಹಾಕಲಾರಂಭಿಸಿದ ಹಳೆಯ ಕೊಳವೆಯ ಮೂಲಕ, ಕಮರಿಯನ್ನೇ ದಾಟಿ. ಆ ಕೊಳವೆ ಮತ್ತೆ ಮತ್ತೆ ಒಡೆಯುವುದುಂಟು. ಆದ್ದರಿಂದ ನಲ್ಲಿಯನ್ನು ನಂಬಿ ಖಾಲಿ ಚೀಲದೊಂದಿಗೆ ಬರುವುದು ಸಲ್ಲದು, ಮನೆಯಿಂದಲೇ ತುಂಬಿ ತರಬೇಕು ಎಂಬುದು ನನ್ನ ಸಲಹೆ.

ನಾವು ಏಳೂಮುಕ್ಕಾಲಿಗೆ ಇಳಿಯಲಾರಂಭಿಸಿದೆವು. ನಡಿಗೆ ಆರಂಭವಾಗುವ ಜಾಗ ಸಮುದ್ರಮಟ್ಟದಿಂದ ಸುಮಾರು 2,210 ಮೀಟರ್ ಎತ್ತರದಲ್ಲಿದೆ. ಎಂದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ ನಿಂತು, ಅಲ್ಲಿಂದ ಕೆಳಕ್ಕೆ ಮರುಭೂಮಿಯನ್ನು ನೋಡಿದಂತೆ. ಅಷ್ಟು ಎತ್ತರದ ಬೆಳಗಿನ ಚಳಿಗೆ ಕೈಬೆರಳು ಸೆಟೆಯುತ್ತಿದ್ದರೂ, ಕೆಳಗಿಳಿದಂತೆಲ್ಲ ಬಿಸಿ ಏರುತ್ತದೆ. ಅಂಚಿನಲ್ಲಿ ಹಾಕಿಕೊಂಡ ಸ್ವೆಟರನ್ನು ಒಂದೂವರೆ ಕಿಲೋಮೀಟರ್ ಇಳಿಯುವಷ್ಟರಲ್ಲಿ ಬಿಚ್ಚಿ ಹೊರಬೇಕಾಗುತ್ತದೆ.

ಮೊದಲ ಸುತ್ತು ಚಿಮಣಿ ಎಂದೇ ಹೆಸರಾದ ಒತ್ತೊತ್ತಾದ ತಿರುವುಗಳದ್ದು. ಬಿಳಿಯ ಸುಣ್ಣಕಲ್ಲಿನ ಗೋಡೆಯಲ್ಲಿ ಅಂಕುಡೊಂಕಾಗಿ ಕಡಿದ ಈ ಭಾಗದಲ್ಲಿ ಮಾತ್ರ ಬೆಳಗಿನ ಹೊತ್ತು ನೆರಳಿರುತ್ತದೆ. ದಾರಿ ಅಗಲವಾಗಿದೆ, ಇಬ್ಬರು ಸಲೀಸಾಗಿ ಪಕ್ಕಪಕ್ಕದಲ್ಲಿ ನಡೆಯಬಹುದು. ಅಂಚಿಗೆ ಕಟಾಂಜನವಿಲ್ಲದಿದ್ದರೂ, ಒಳಬದಿಯಲ್ಲಿ ನಡೆದರೆ ತಲೆ ಸುತ್ತುವಂಥದ್ದೇನಿಲ್ಲ. ಆದರೆ ಮಣ್ಣು ಕೊಚ್ಚಿಹೋಗದಂತೆ ಅಡ್ಡಲಾಗಿ ಹೂಳಿದ ಮರದ ದಿಮ್ಮಿಗಳೂ ಕಲ್ಲುಗಳೂ ಒಂದು ಬಗೆಯ ಮೆಟ್ಟಿಲುಗಳಾಗಿ ಪರಿಣಮಿಸಿದ್ದು, ಅವುಗಳ ಅಂತರ ಯಾವ ಮನುಷ್ಯನ ಹೆಜ್ಜೆಗೂ ಹೊಂದುವುದಿಲ್ಲ. ಒಂದು ಹೆಜ್ಜೆಗೆ ದೂರ, ಎರಡಕ್ಕೆ ಹತ್ತಿರ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಲಯ ಹಿಡಿದು ಇಳಿದು ಅಭ್ಯಾಸವಾದ ಕಾಲಿಗೆ ಇಲ್ಲಿ ಲಯವೇ ಸಿಗದೆ, ಮೊಣಕಾಲಿಗೆ ಬೀಳುವ ಪೆಟ್ಟು ಮೂರನೆಯ ದಿನದವರೆಗೂ ಲೆಕ್ಕ ಕೇಳುತ್ತದೆ. ಊರುಗೋಲು ಇದ್ದರೆ ತಪ್ಪದೆ ತನ್ನಿ. ನನ್ನ ಗೆಳೆಯ ನುಣುಪು ಅಟ್ಟೆಯ ಓಟದ ಬೂಟಿನಲ್ಲಿ ಬಂದಿದ್ದು, ಒಣ ಜಲ್ಲಿಯ ಮೇಲೆ ಎರಡು ಸಲ ಜಾರಿ ಕುಳಿತ.

ಒಂದೂವರೆ ಕಿಲೋಮೀಟರಿಗೆ ಊ-ಆ ಪಾಯಿಂಟ್ ಸಿಗುತ್ತದೆ. ಹೆಸರು ಬಾಲಿಶವಾದರೂ ಜಾಗಕ್ಕೆ ತಕ್ಕದ್ದೇ. ಅಲ್ಲಿಯವರೆಗೆ ಒಂದು ಕಡೆಯಷ್ಟೇ ಕಾಣುತ್ತಿದ್ದ ಕಮರಿ, ಮೂಲೆ ತಿರುಗಿದೊಡನೆ ಮೂರೂ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ. ಪೂರ್ವಕ್ಕೆ ಗೋಪುರದಂತೆ ಮೊನಚಾಗಿ ಎದ್ದ ಶಿಖರವನ್ನು ತೋರಿಸಿ, ಪಕ್ಕದಲ್ಲಿ ನಿಂತಿದ್ದ ಅಮೆರಿಕನ್ ಹಿರಿಯರೊಬ್ಬರು ಅದು ವಿಷ್ಣು ಟೆಂಪಲ್ ಎಂದಾಗ, ನಾವು ಭಾರತೀಯರೆಂದು ತಮಾಷೆ ಮಾಡುತ್ತಿದ್ದಾರೆಂದೇ ನಾನು ಭಾವಿಸಿದ್ದೆ. ತಮಾಷೆಯಲ್ಲ. 1880ರ ದಶಕದಲ್ಲಿ ಈ ಕಮರಿಯ ಭೂರಚನೆಯನ್ನು ಅಭ್ಯಾಸ ಮಾಡಿದ ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ, ಇಲ್ಲಿಯ ಶಿಖರಗಳಲ್ಲಿ ಪೂರ್ವದೇಶಗಳ ದೇಗುಲಗಳ ಆಕಾರವನ್ನು ಕಂಡು ವಿಷ್ಣು, ಶಿವ ಎಂದು ಹೆಸರಿಟ್ಟ. ಆ ರೂಢಿ ಮುಂದುವರಿದು ಬ್ರಹ್ಮ, ಬುದ್ಧ, ಝರತುಷ್ಟ್ರ, ಕೃಷ್ಣ, ರಾಮ ಎಲ್ಲರೂ ಅರಿಜೋನಾದ ನಕ್ಷೆಯನ್ನು ಸೇರಿದರು. ಕಮರಿಯ ತಳದ ಕರಿಗಲ್ಲಿಗೂ ಇದರಿಂದಾಗಿ ವಿಷ್ಣು ಶಿಸ್ಟ್ ಎಂದೇ ಶಾಸ್ತ್ರೀಯ ಹೆಸರು. ಈ ಸೀಮೆಯಲ್ಲಿ ತಲೆತಲಾಂತರದಿಂದ ಬಾಳಿದ ಹವಸೂಪೈ ಜನರಿಗೆ ಈ ನಾಮಕರಣದಲ್ಲಿ ಮಾತಿರಲಿಲ್ಲ ಎಂಬುದು ಬೇರೆ. ಬ್ರೈಟ್ ಏಂಜಲ್ ದಾರಿಯಲ್ಲಿರುವ, ಅವರು ವಾಸವಾಗಿದ್ದ ಹಸಿರು ತಾಣಕ್ಕೆ ಹವಸೂಪೈ ಗಾರ್ಡನ್ಸ್ ಎಂಬ ಹೆಸರು ಬಂದದ್ದು 2022ರಲ್ಲಿ.

ಊ-ಆ ಪಾಯಿಂಟ್‌ನಲ್ಲಿ ಫೋಟೋ ತೆಗೆಯಲು ಚೀಲ ಇಳಿಸಿದಾಗ ನನ್ನ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಬೆವರೆಂದುಕೊಂಡಿದ್ದೆ. ಆ ಚಳಿಯಲ್ಲಿ ಅಷ್ಟು ಬೆವರು ಎಲ್ಲಿಂದ ಬರಬೇಕು ಎಂದು ಗೆಳೆಯ ಕೇಳಿದ ಮೇಲೆಯೇ ನೋಡಿದ್ದು: ರಾತ್ರಿ ಕೊಂಡ ಹೊಸ ನೀರಿನ ಚೀಲದ ಮುಚ್ಚಳದ ಸುರುಳಿ ಕೂರದೆ, ಹೆಜ್ಜೆಹೆಜ್ಜೆಗೂ ಸೋರುತ್ತಾ ಬಂದು, ಮೂರು ಲೀಟರಿನಲ್ಲಿ ಒಂದಕ್ಕಿಂತ ಹೆಚ್ಚು ಲೀಟರ್ ಖಾಲಿಯಾಗಿತ್ತು. ಅಂಗಡಿಯ ಹೆಸರು ಇಲ್ಲಿ ಬೇಡ. ಹೊಸ ಚೀಲಕ್ಕೆ ಮನೆಯಲ್ಲೇ ನೀರು ತುಂಬಿ, ತಲೆಕೆಳಗು ಮಾಡಿ ಅರ್ಧ ಗಂಟೆ ಸಿಂಕಿನಲ್ಲಿಟ್ಟು ನೋಡುವಷ್ಟು ವ್ಯವಧಾನ ನಮಗಿರಲಿಲ್ಲವೆಂಬ ತಪ್ಪು ನಮ್ಮದೂ ಹೌದು. ಉಳಿದ ನೀರನ್ನು ಗೆಳೆಯನ ಸ್ಟೀಲ್ ಬಾಟಲಿಗಳಿಗೆ ಹಂಚಿಕೊಂಡು ಮುಂದುವರಿದೆವು. ಆಗಲೇ ಹಿಂತಿರುಗಬೇಕಿತ್ತು ಎನ್ನುವವರೂ ಇರಬಹುದು. ಇಬ್ಬರ ನಡುವೆ ಐದು ಲೀಟರಿಗೆ ಸ್ವಲ್ಪ ಕಡಿಮೆ ಉಳಿದಿದ್ದು, ಬಿಸಿಲು ಇನ್ನೂ ಏರಿರಲಿಲ್ಲ.

ಅಲ್ಲಿಂದ ಸೀಡರ್ ರಿಡ್ಜ್‌ವರೆಗಿನ ಇಳಿಜಾರು ಈ ದಾರಿಯ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ. ಹೆಜ್ಜೆಯಡಿಯ ನೆಲದ ಬಣ್ಣವೇ ಬದಲಾಗುತ್ತಾ ಹೋಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂಚಿನ ಬೂದುಬಿಳಿ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷ ಹಳೆಯದು, ಸಮುದ್ರದ ತಳದಲ್ಲಿ ಕೂಡಿದ್ದು. ಅದರಡಿಯ ಹೊಂಬಣ್ಣದ ಮರಳುಗಲ್ಲು ಗಾಳಿಗೆ ಹಾರಿ ಗುಡ್ಡೆಗುಡ್ಡೆಯಾಗಿ ನಿಂತ ಪ್ರಾಚೀನ ಮರುಭೂಮಿಯ ಮರಳು. ಗುಡ್ಡೆಗಳ ಓರೆಗೆರೆಗಳು ಗೋಡೆಯಲ್ಲಿ ಇಂದಿಗೂ ಸ್ಪಷ್ಟ. ಅದರ ಕೆಳಗೆ ನೆಲ ಇದ್ದಕ್ಕಿದ್ದಂತೆ ನಮ್ಮ ಮಲೆನಾಡಿನ ಕೆಮ್ಮಣ್ಣಿನಂತಾಗುತ್ತದೆ. ಬಿಳಿಯ ಧೂಳು ಹಿಡಿದಿದ್ದ ಬೂಟು ಕೆಂಪಾಗುವುದನ್ನು ನೋಡಿದರೆ ಸಾಕು, ಪುಸ್ತಕವಿಲ್ಲದೆಯೂ ಕಾಲದಲ್ಲಿ ಇಳಿಯುತ್ತಿರುವುದು ತಿಳಿಯುತ್ತದೆ. ನದಿಯ ಪಕ್ಕದ ವಿಷ್ಣು ಶಿಸ್ಟ್ ಸುಮಾರು 170 ಕೋಟಿ ವರ್ಷದ್ದು. ಅಷ್ಟಕ್ಕೇ ಅಲ್ಲಿಯವರು ಬೆರಗಾಗುತ್ತಾರೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದೆಂದು ನೆನಪಾಗಿ, ಭಾನುವಾರದ ಸಂಜೆಗಳಲ್ಲಿ ಅದರ ಮೇಲೆ ಕುಳಿತು ಕಡಲೆಕಾಯಿ ಸುಲಿದು ತಿಂದ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಆದರೆ ಲಾಲ್‌ಬಾಗಿನಲ್ಲಿ ಇರುವುದು ಆ ಪುಸ್ತಕದ ಒಂದೇ ಹಾಳೆ.

ಸೀಡರ್ ರಿಡ್ಜ್ ಅಂಚಿನಿಂದ ಸುಮಾರು 2.4 ಕಿಲೋಮೀಟರ್ ದೂರ, 340 ಮೀಟರ್ ಕೆಳಗೆ. ಕೆಂಪು ನೆಲದ ಒಂದು ಸಮತಟ್ಟು ದಿಣ್ಣೆ, ಕೆಲವು ಗಿಡ್ಡ ಮರಗಳು, ಶೌಚಾಲಯ, ಹೇಸರಗತ್ತೆಗಳನ್ನು ಕಟ್ಟುವ ಜಾಗ. ಶೌಚಾಲಯ ನೀರಿಲ್ಲದ ಬಗೆಯದಾದರೂ ಶುಚಿಯಾಗಿತ್ತು. ಇಲ್ಲಿ ತಿಂಡಿಯ ಡಬ್ಬಿ ತೆಗೆದೊಡನೆ ಅಳಿಲುಗಳು ಮೊಣಕಾಲಿನವರೆಗೂ ಹತ್ತಿ ಬರುತ್ತವೆ. ಬೆನ್ನ ಮೇಲೆ ಮೂರು ಗೆರೆಯಿರುವ ನಮ್ಮೂರಿನ ಅಳಿಲಿನಂತೆ ಪಾಪದವಲ್ಲ ಇವು. ಕಚ್ಚುತ್ತವೆ, ಚೀಲ ಹರಿಯುತ್ತವೆ, ಅವುಗಳಿಗೆ ತಿನ್ನಿಸುವುದು ಕಾನೂನಿನ ಪ್ರಕಾರ ಅಪರಾಧ. ಗೆಳೆಯ ಕೋಡುಬಳೆಯ ಡಬ್ಬಿಯನ್ನು ಎದೆಗವಚಿಕೊಂಡೇ ತಿಂದ.

ಈ ದಾರಿಗೆ ನಾನು ಹೆಚ್ಚಿನ ಅಂಕ ಕೊಡಲು ಮುಖ್ಯ ಕಾರಣವಾದ ಸೇವೆ ಇಲ್ಲಿ ಎದುರಾಯಿತು. ಉದ್ಯಾನದ ಸಮವಸ್ತ್ರದ ಸ್ವಯಂಸೇವಕಿಯೊಬ್ಬರು, ಸುಮಾರು ಅರುವತ್ತರ ಹರೆಯದವರು, ಇಳಿಯುವ ಪ್ರತಿಯೊಬ್ಬರನ್ನೂ ನಗುನಗುತ್ತ ನಿಲ್ಲಿಸಿ ಎಲ್ಲಿಯವರೆಗೆ ಹೋಗುತ್ತೀರಿ, ಎಷ್ಟು ನೀರಿದೆ, ತಿನ್ನಲು ಉಪ್ಪಿನದ್ದು ಏನಿದೆ ಎಂದು ಕೇಳುತ್ತಿದ್ದರು. ಈ ಕಮರಿಯಿಂದ ವರ್ಷಕ್ಕೆ 250ಕ್ಕೂ ಹೆಚ್ಚು ಮಂದಿಯನ್ನು ಪಾರುಮಾಡಿ ಮೇಲೆ ತರಬೇಕಾಗುತ್ತದೆ. ಅದಕ್ಕೆ ಮುಂಚೆಯೇ ಮಾತಿನಲ್ಲಿ ತಡೆಯುವುದು ಇವರ ಕೆಲಸ. ಸೋರಿದ ಚೀಲದ ಕಥೆ ಕೇಳಿದ ಆಕೆ ಬಯ್ಯಲಿಲ್ಲ, ಹೆದರಿಸಲೂ ಇಲ್ಲ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಿ, ಅರ್ಧ ನೀರು ಮುಗಿಯುವ ಮುನ್ನವೇ ತಿರುಗಿ ಎಂದಷ್ಟೇ ಹೇಳಿದರು. ಉಪ್ಪಿನ ಪ್ರಶ್ನೆ ನನಗೆ ಮೊದಲು ಅರ್ಥವಾಗಿರಲಿಲ್ಲ. ಒಣಹವೆಯಲ್ಲಿ ಬೆವರು ಕಾಣುವ ಮುನ್ನವೇ ಆರಿಹೋಗುತ್ತದೆ. ಕಳೆದುಕೊಂಡ ಉಪ್ಪನ್ನು ತಿನ್ನದೆ ಬರಿಯ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಕುಸಿದು, ನೀರು ಕುಡಿದೂ ಮನುಷ್ಯ ತಲೆಸುತ್ತಿ ಬೀಳುತ್ತಾನೆ. ನಿಪ್ಪಟ್ಟನ್ನು ತೋರಿಸಿದೆವು. ಆಕೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಖಾರಕ್ಕೆ ಕಣ್ಣರಳಿಸಿ, ಇದಕ್ಕಿಂತ ಒಳ್ಳೆಯದನ್ನು ಯಾರೂ ತಂದಿಲ್ಲವೆಂದರು.

ಮುಂದಿನ ಗುರಿ ಸ್ಕೆಲಿಟನ್ ಪಾಯಿಂಟ್. ಅಂಚಿನಿಂದ ಒಟ್ಟು 4.8 ಕಿಲೋಮೀಟರ್ ದೂರ, 620 ಮೀಟರ್ ಕೆಳಗೆ. ಓನೀಲ್ ಬ್ಯೂಟ್ ಎಂಬ ಕೆಂಪು ಗುಡ್ಡದ ಮಗ್ಗುಲಲ್ಲೇ ಸಾಗುವ ಈ ಭಾಗದಲ್ಲಿ ದಾರಿ ಕೆಲಹೊತ್ತು ಸಮತಟ್ಟಾಗುತ್ತದೆ, ಜನ ಕಡಿಮೆಯಾಗುತ್ತಾರೆ, ಕಮರಿಗೆ ತಕ್ಕ ಮೌನ ಮೊದಲ ಬಾರಿಗೆ ಕಿವಿಗೆ ಬೀಳುತ್ತದೆ. ಹತ್ತಕ್ಕೆ ಹತ್ತು ನಿಮಿಷವಿರುವಾಗ ಸ್ಕೆಲಿಟನ್ ಪಾಯಿಂಟ್ ತಲುಪಿದೆವು. ಇಷ್ಟು ಹೊತ್ತೂ ಅಡಗಿಕೊಂಡಿದ್ದ ಕೊಲರಾಡೋ ನದಿ ಅಲ್ಲಿಂದಲೇ ಮೊದಲಿಗೆ ಕಾಣುವುದು. ಅದೊಂದು ಹಸಿರು ದಾರದ ತುಂಡಿನಂತೆ ಕಾಣುತ್ತಿತ್ತು. ಗೆಳೆಯ ಬಂಡೆಯಂಚಿಗೆ ಬಂದು, "ಹೊಳೆ ಇಲ್ಲೇ ಕಾಣ್ತದಲ್ಲ ಮಾರಾಯ, ಹೆಚ್ಚೆಂದರೆ ಒಂದು ಗಂಟೆ" ಎಂದ. ತುಂಗೆಯಲ್ಲಿ ಈಜಿ ಬೆಳೆದವನಿಗೆ ಹೊಳೆ ಕಂಡಮೇಲೆ ಕಾಲಿಳಿಸದೆ ಹಿಂತಿರುಗುವುದು ಮನಸ್ಸಿಗೆ ಒಗ್ಗದು. ನನಗೂ ಆಸೆಯಿರಲಿಲ್ಲವೆಂದು ಹೇಳಲಾರೆ. ಇಳಿಯುವ ಕಾಲಿಗೆ ದಣಿವೇ ಆಗಿರಲಿಲ್ಲ.

ಮರುಭೂಮಿಯ ಕಮರಿಯ ಮೋಸ ಇರುವುದು ಇಲ್ಲಿಯೇ. ಕುಮಾರಪರ್ವತದಲ್ಲಿ ಮೊದಲು ಏರು, ಆಮೇಲೆ ಇಳಿಜಾರು. ಶಕ್ತಿ ಮುಗಿದವನು ಗಿರಿಗದ್ದೆಯಲ್ಲೇ ಕುಳಿತುಬಿಡುತ್ತಾನೆ, ಅವನ ದೇಹವೇ ಅವನನ್ನು ತಡೆಯುತ್ತದೆ. ಇಲ್ಲಿ ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ, ಅದೂ ಉರಿಬಿಸಿಲಿನ ಹೊತ್ತಿಗೆ. ಸ್ಕೆಲಿಟನ್ ಪಾಯಿಂಟ್‌ನಿಂದ ನದಿಗೆ ಇನ್ನೂ ಎಂಟುನೂರು ಮೀಟರಿಗೂ ಹೆಚ್ಚಿನ ಇಳಿತವಿದೆ. ನದಿ ಹರಿಯುವ ಮಟ್ಟ ಬೆಂಗಳೂರಿಗಿಂತಲೂ ತಗ್ಗು. ದೂರವನ್ನು ಅಳೆಯಲು ಮರವಿಲ್ಲ, ಮನೆಯಿಲ್ಲ, ಗಾಳಿಯಲ್ಲಿ ಮಂಜಿಲ್ಲ. ಆದ್ದರಿಂದ ಎಲ್ಲವೂ ಹತ್ತಿರವೇ ಕಾಣುತ್ತದೆ. ನೀರನ್ನು ಅಳೆದು ನೋಡಿದಾಗ ಇಬ್ಬರ ನಡುವೆ ಮೂರು ಲೀಟರಿಗೆ ಕಡಿಮೆ ಇತ್ತು. ಬಿಸಿಲು ಇಲ್ಲದ ತಿಂಗಳುಗಳಲ್ಲಿಯೂ ಒಂದು ದಿನದ ನಡಿಗೆಗೆ ಸ್ಕೆಲಿಟನ್ ಪಾಯಿಂಟ್‌ಗಿಂತ ಕೆಳಗೆ ಹೋಗಬೇಡಿ ಎಂದು ಉದ್ಯಾನದವರು ಹೇಳುವುದು ಅಳೆದು ತೂಗಿ ಹೇಳುವ ಮಾತು. ಗೆಳೆಯ ಹತ್ತು ನಿಮಿಷ ವಾದಿಸಿ, ಅವಲಕ್ಕಿ ತಿಂದು, ಹೊಳೆಯ ಕಡೆ ಇನ್ನೊಮ್ಮೆ ನೋಡಿ ಎದ್ದ.

ಹತ್ತುವ ಮೂರು ಗಂಟೆಯ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಬಿಸಿಲು, ಉಸಿರು, ಮತ್ತೆ ಅದೇ ದಿಮ್ಮಿಗಳು. ಎರಡು ಸಾವಿರ ಮೀಟರಿನ ಆಸುಪಾಸಿನ ತೆಳುಗಾಳಿಗೆ ಒಗ್ಗದ ನನ್ನ ಎದೆ ಪ್ರತಿ ತಿರುವಿನಲ್ಲೂ ನಿಲ್ಲಬೇಕೆಂದಿತು. ಸೀಡರ್ ರಿಡ್ಜ್ ಸಮೀಪಿಸುತ್ತಿದ್ದಾಗ ಹಿಂದಿನಿಂದ ಹೇಸರಗತ್ತೆಗಳ ಸಾಲು ಬಂತು. ಬೆಟ್ಟದ ಬದಿಗೆ ಒರಗಿ, ಮಾತಾಡದೆ, ಅಲುಗದೆ, ಕೊನೆಯ ಗತ್ತೆ ಐವತ್ತು ಅಡಿ ದಾಟುವವರೆಗೆ ನಿಲ್ಲಬೇಕೆಂಬುದು ಇಲ್ಲಿಯ ನಿಯಮ. ಕಮರಿಯ ಬದಿಗೆ ನಿಂತರೆ ಗತ್ತೆ ಬೆದರಿದಾಗ ಉರುಳುವವರು ನಾವೇ. ನದಿಯ ದಡದ ಫ್ಯಾಂಟಮ್ ರಾಂಚ್ ಎಂಬ ತಂಗುದಾಣಕ್ಕೆ ಬೇಕಾದ ಸಾಮಾನುಗಳೆಲ್ಲ ಇಂದಿಗೂ ಇವುಗಳ ಬೆನ್ನ ಮೇಲೆಯೇ ಇಳಿಯುತ್ತವೆ, ಅಲ್ಲಿ ತಂಗಿದವರು ಬರೆದ ಕಾಗದಗಳು ಇವುಗಳ ಬೆನ್ನ ಮೇಲೆಯೇ ಏರುತ್ತವೆ. ಅವು ದಾರಿಯುದ್ದಕ್ಕೂ ಬಿಟ್ಟುಹೋಗುವ ಮೂತ್ರದ ಮಡುಗಳ ವಾಸನೆ ಈ ದಾರಿಯ ಭಾಗವೇ ಆಗಿದೆ. ನಾನು ಕಳೆದ ಅರ್ಧ ಅಂಕದಲ್ಲಿ ಅದಕ್ಕೂ ಪಾಲಿದೆ, ಉಳಿದದ್ದು ಆ ದಿಮ್ಮಿಗಳಿಗೆ.

ಅಂಚು ತಲುಪಿದಾಗ ಒಂದೂವರೆ. ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು. ನದಿಯ ಆಸೆಗೆ ಇನ್ನರ್ಧ ಗಂಟೆ ಇಳಿದಿದ್ದರೂ ಆ ಗುಟುಕು ಎಲ್ಲಿ ಮುಗಿಯುತ್ತಿತ್ತೆಂಬ ಲೆಕ್ಕವನ್ನು ನಲ್ಲಿಯ ಮುಂದೆ ಸರತಿಯಲ್ಲಿ ನಿಂತಾಗ ಇಬ್ಬರೂ ಬೇರೆಬೇರೆಯಾಗಿ ಹಾಕಿದೆವು, ಹೇಳಿಕೊಳ್ಳಲಿಲ್ಲ.

ಯಾರಿಗೆ ಈ ದಾರಿ ತಕ್ಕದ್ದು ಎಂದು ಕೇಳುವವರಿಗೆ: ದಿನಕ್ಕೆ ಐದಾರು ಕಿಲೋಮೀಟರ್ ನಡೆಯುವ ಅಭ್ಯಾಸವಿರುವ ಯಾರಾದರೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸೀಡರ್ ರಿಡ್ಜ್ ತನಕ ಧೈರ್ಯವಾಗಿ ಹೋಗಿಬರಬಹುದು. ಚಳಿಗಾಲದಲ್ಲಿ ಮೇಲಿನ ತಿರುವುಗಳು ಹಿಮಗಟ್ಟಿ ಜಾರುವುದರಿಂದ ಬೂಟಿಗೆ ಹಾಕುವ ಮುಳ್ಳುಪಟ್ಟಿ ಬೇಕು. ಬೇಸಿಗೆಯಲ್ಲಿ ನಡುಹಗಲು ಹತ್ತರಿಂದ ನಾಲ್ಕರವರೆಗೆ ಒಳಗೆ ಇರಲೇಬಾರದು. ನೀರಿಲ್ಲದ ದಾರಿಯೆಂದರೆ ಅಳುಕುವವರು ಬ್ರೈಟ್ ಏಂಜಲ್ ಹಿಡಿಯಲಿ. ಅಲ್ಲಿ ಬೆಚ್ಚಗಿನ ತಿಂಗಳುಗಳಲ್ಲಿ ಒಂದೂವರೆ ಮೈಲಿ ಮತ್ತು ಮೂರು ಮೈಲಿಯ ತಂಗುಮನೆಗಳಲ್ಲಿ ನಲ್ಲಿಗಳಿರುತ್ತವೆ, ನೆರಳೂ ಹೆಚ್ಚು, ನೋಟ ಮಾತ್ರ ಇಷ್ಟು ಅಗಲವಿಲ್ಲ. ಊರಿನಿಂದ ಬಂದ ತಂದೆತಾಯಿಯರನ್ನು ಈ ದಾರಿಗೆ ಇಳಿಸುವ ಯೋಚನೆ ಬೇಡ. ಅವರಿಗೆ ಅಂಚಿನ ಮೇಲೆಯೇ, ಸಮತಟ್ಟಾಗಿ ಟಾರು ಹಾಕಿದ ಟ್ರೇಲ್ ಆಫ್ ಟೈಮ್ ಇದೆ: ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ, ಕಮರಿಯ ಪ್ರತಿ ಪದರದ ಕಲ್ಲನ್ನೂ ತಂದು ಆಯಾ ಕಾಲದ ಗುರುತಿನ ಬಳಿ ಇಟ್ಟಿದ್ದಾರೆ, ಕೈಯಿಂದ ಮುಟ್ಟಬಹುದು.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆಯಿದೆ. ಒಂದು ಕಾರಿಗೆ, ಅದರಲ್ಲಿ ಎಷ್ಟು ಜನರಿದ್ದರೂ, ಏಳು ದಿನಕ್ಕೆ 35 ಡಾಲರ್ ಪ್ರವೇಶ ಶುಲ್ಕವನ್ನು ನಾವು ಕೊಟ್ಟೆವು. ಆದರೆ 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ, 16 ವರ್ಷ ತುಂಬಿದ್ದರೆ, ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ 11 ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ವಿಧಿಸಿದ್ದಾರೆ. ಅವರಿಗೆಂದೇ 250 ಡಾಲರಿನ ವಾರ್ಷಿಕ ಪಾಸ್ ಇದೆ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಹೊರಡುವ ಮುನ್ನವೇ ಈ ಲೆಕ್ಕ ಹಾಕಿಕೊಳ್ಳಬೇಕು. ಸುಂಕದ ಜಗಳದಿಂದ ಹುಟ್ಟಿದ ದಾರಿಗೆ ಕೊನೆಗೂ ಸುಂಕ ತಪ್ಪಲಿಲ್ಲ.

ಸೋರುವ ಚೀಲವನ್ನು ಸೋಮವಾರ ಅಂಗಡಿಗೆ ಹಿಂತಿರುಗಿಸಿ ಹಣ ಪಡೆದೆ. ಗೆಳೆಯನಿಂದ ಬುಧವಾರ ಫೋನು ಬಂತು. ನದಿಯ ದಡದ ಫ್ಯಾಂಟಮ್ ರಾಂಚ್‌ನಲ್ಲಿ ಒಂದು ರಾತ್ರಿ ತಂಗಲು ಹದಿನೈದು ತಿಂಗಳು ಮುಂಚಿತವಾಗಿ ಲಾಟರಿಗೆ ಹೆಸರು ಕೊಡಬೇಕಂತೆ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ನನ್ನನ್ನು ಹೊರಡಿಸಿದವನು, ಇಬ್ಬರ ಹೆಸರನ್ನೂ ಕೊಟ್ಟಾಗಿತ್ತು. ಹೊಸ ಬೂಟು ಕೊಂಡಿದ್ದೇನೆ, ನೀರಿನ ಚೀಲ ಮಾತ್ರ ನೀನು ಕೊಳ್ಳಬೇಡ ಎಂದ.